ಹತ್ತಿ ಬಟ್ಟೆಗೆ ಪ್ರವೇಶವಿಲ್ಲ

ಸೆಖೆಯ ಬಗ್ಗೆ ಮಾತಾಡುವ ಯೋಗ್ಯತೆ ಬೆಂಗಳೂರಿನವರಿಗೆ ಇದೆಯೇ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಪ್ರತಿ ಮಾರ್ಚಿನಲ್ಲಿ ಏಳುತ್ತದೆ, ಮೊದಲ ಮಳೆಗೆ ತಾನಾಗಿಯೇ ಮಲಗುತ್ತದೆ. ಎಬ್ಬಿಸುವವರು ಕಲಬುರಗಿಯಲ್ಲಿರುವ ನನ್ನ ಷಡ್ಡಕ. "ಏನು ಸೆಖೆ ರೀ ಇಲ್ಲಿ, ಮೂವತ್ತಾರು ಡಿಗ್ರಿ ಆಗೋಗಿದೆ" ಎಂದು ನಾನು ಫೋನಿನಲ್ಲಿ ನರಳಿದರೆ ಆ ಕಡೆಯಿಂದ ಬಹಳ ಶಾಂತವಾದ ದನಿ ಬರುತ್ತದೆ: "ಹೌದೇನ್ರಿ? ಹಂಗಾದ್ರ ಶಾಲು ಹೊದ್ಕೋರಿ, ನೆಗಡಿ ಆದೀತು." ಅವರಿಗೆ ಹಾಗೆ ಮಾತಾಡುವ ಅಧಿಕಾರವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದಲ್ಲೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲೂ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಅದು ಸರ್ಕಾರವೇ ಮೊಹರು ಒತ್ತಿ ಒಪ್ಪಿಕೊಂಡ ಸೆಖೆ. ನಮ್ಮದು ಮಾನ್ಯತೆ ಸಿಗದ ಖಾಸಗಿ ಸೆಖೆ.

ನಮ್ಮ ಕಷ್ಟ ಬೇರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಕೂತಿದ್ದೇವೆ, ಬಿಸಿಲು ಇಲ್ಲಿಯವರೆಗೆ ಹತ್ತಿ ಬರುವಷ್ಟರಲ್ಲಿ ಸುಸ್ತಾಗಿ ಹಿಂದಿರುಗುತ್ತದೆ ಎಂಬ ನಂಬಿಕೆಯಲ್ಲಿ ಬೆಳೆದವರು ನಾವು. ಆದ್ದರಿಂದ ಸೆಖೆ ಬಂದರೆ ನಮಗೆ ಬೆವರುವುದಕ್ಕಿಂತ ಮೊದಲು ಅವಮಾನವಾಗುತ್ತದೆ. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ಮುಟ್ಟಿದಾಗ ನಮ್ಮ ಬೀದಿಯ ಹಿರಿಯರೆಲ್ಲ ಜಗಲಿಗೆ ಬಂದು, ಇದನ್ನು ಯಾವ ಇಲಾಖೆಗೆ ಬರೆದು ತಿಳಿಸಬೇಕು ಎಂದು ಗಂಭೀರವಾಗಿ ಚರ್ಚಿಸಿದ್ದರು.

ನಮ್ಮ ಶ್ರೀರಾಂಪುರದ ಮನೆಗಳೋ, ಒಂದರ ಗೋಡೆಗೆ ಇನ್ನೊಂದು ಒರಗಿಕೊಂಡು ನಿಂತವು. ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಹತ್ತರ ಮೇಲೆ ನಿಧಾನವಾಗಿ ನಮಗೇ ಮರುಪಾವತಿ ಮಾಡುತ್ತವೆ. ಹಿಂದೆ ತಾರಸಿಯ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು. ಈಗ ತಾರಸಿಯಲ್ಲಿ ಸಿಂಟೆಕ್ಸ್ ಟ್ಯಾಂಕುಗಳು ಮಲಗಿವೆ. ಹೀಗಾಗಿ ಮೇ ತಿಂಗಳ ಮಧ್ಯಾಹ್ನ ನಮ್ಮ ಕಡೆಯ ನಿವೃತ್ತರು ಸಂಪಿಗೆ ರಸ್ತೆಯ ಮಾಲಿಗೆ ವಾಯುಸೇವನೆಗೆ ಹೋಗುವುದುಂಟು. ಏನೂ ಕೊಳ್ಳದೆ, ಎಸ್ಕಲೇಟರಿನ ಪಕ್ಕದ ಬೆಂಚಿನಲ್ಲಿ, ಕೈಯಲ್ಲಿ ಒಂದು ಖಾಲಿ ಚೀಲ ಇಟ್ಟುಕೊಂಡು ಕೂರುತ್ತಾರೆ. ಖಾಲಿ ಚೀಲವಿದ್ದರೆ ಗಿರಾಕಿ, ಇಲ್ಲದಿದ್ದರೆ ಸುಮ್ಮನೆ ಮುದುಕ. ಆ ಮಾಲು ನಿಂತಿರುವುದು ಒಂದು ಕಾಲದ ರಾಜಾ ಮಿಲ್ಲಿನ ಜಾಗದಲ್ಲಿ. ಈ ಸುತ್ತಿನ ಎಷ್ಟೋ ಮನೆಗಳ ಒಲೆ ಉರಿದದ್ದು ಆ ಮಿಲ್ಲಿನ, ಅತ್ತ ಬಿನ್ನಿ ಮಿಲ್ಲಿನ, ಇತ್ತ ಮಿನರ್ವ ಮಿಲ್ಲಿನ ಸಂಬಳದಿಂದ. ನಮ್ಮ ದೊಡ್ಡಪ್ಪನೂ ನೂಲಿನ ಖಾತೆಯಲ್ಲಿದ್ದವರು. ಮನೆಗೆ ಬಂದಾಗ ಅವರ ಹುಬ್ಬಿನಲ್ಲೂ ಹತ್ತಿ ಇರುತ್ತಿತ್ತು. ಹತ್ತಿ ನಮ್ಮ ಮನೆತನದ ಬಟ್ಟೆ ಎಂಬ ಈ ಸಂಗತಿಯನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಮುಂದೆ ಕೆಲಸಕ್ಕೆ ಬರುತ್ತದೆ.

ಬೇಸಿಗೆ ರಜೆ ಎಂದರೆ ನಮ್ಮ ಕಾಲದಲ್ಲಿ ಏಪ್ರಿಲ್ ಹತ್ತರಂದು ಫಲಿತಾಂಶ ನೋಡಿಕೊಂಡು, ಪಾಸಾದವರು ನಗುತ್ತ, ಆಗದವರು ಇನ್ನೂ ಬೇಗ, ಊರಿನ ಬಸ್ಸು ಹತ್ತುವುದು. ಪಟ್ಟಣದ ಮಕ್ಕಳು ಕೆರೆಯ ನೀರು ಕಾಣಲು ಅಜ್ಜಿಯ ಊರಿಗೆ ಹೋಗುತ್ತಿದ್ದರು. ಈಗ ಬಸ್ಸು ತಿರುಗಿ ಓಡುತ್ತಿದೆ. ನನ್ನ ತಂಗಿಯ ಮಕ್ಕಳು ತುಮಕೂರು ಕಡೆಯಿಂದ ನೀರು ಕಾಣಲು ಬೆಂಗಳೂರಿಗೆ ಬರುತ್ತಾರೆ! ಊರ ಕೆರೆಯಲ್ಲಿ ಕ್ರಿಕೆಟ್ ಆಡಿ ಬೇಸರವಾಗಿದೆಯಂತೆ. ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲು ತೋರಿಸಿ ಅಗ್ಗದಲ್ಲಿ ಮುಗಿಸೋಣ ಎಂದು ನಾನು ಹೂಡಿದ ಸಂಚು ಕೈಗೂಡಲಿಲ್ಲ. ಚಿಕ್ಕವನು ಆ ರೈಲಿನ ವೇಗವನ್ನು ನೋಡಿ, "ಮಾಮ, ಇಳಿದು ತಳ್ಳಬೇಕಾ?" ಎಂದು ಕೇಳಿದ.

ಅವರಿಗೆ ಬೇಕಾಗಿದ್ದುದು ಎತ್ತರದಿಂದ ಜಾರುವ, ತಲೆಕೆಳಗಾಗಿ ಸುತ್ತುವ, ಅಲೆ ಏಳುವ ಪಾರ್ಕು. ಇಂಥವು ನಮ್ಮ ಕಡೆ ಬಂದು ಬಹಳ ಕಾಲವೇನೂ ಆಗಿಲ್ಲ. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಶುರುಮಾಡಿದ ಕೊಚೌಸೇಫ್ ಚಿಟ್ಟಿಲಪಿಳ್ಳಿಯವರೇ 2005ರಲ್ಲಿ ಬಿಡದಿಯ ಹತ್ತಿರ ವಂಡರ್‌ಲಾ ತೆರೆದರು. ಅದಕ್ಕೂ ಮೊದಲು ಅವರು ಹೆಸರು ಮಾಡಿದ್ದು ವೋಲ್ಟೇಜ್ ಸ್ಟೆಬಿಲೈಸರ್ ತಯಾರಿಸಿ. ಮೊದಲು ಮನೆಮನೆಯ ಕರೆಂಟನ್ನು ಸ್ಥಿರಗೊಳಿಸಿ, ಅದು ಮುಗಿದ ಮೇಲೆ ಮನೆಮಂದಿಯನ್ನು ಅಸ್ಥಿರಗೊಳಿಸಲು ಹೊರಟ ಈ ಸಮತೋಲನ ನನಗೆ ತುಂಬ ಇಷ್ಟ. ನಗರದೊಳಗೆ ಅರಮನೆ ಮೈದಾನದ ಬಳಿ ಫನ್ ವರ್ಲ್ಡ್ ಇದೆ, ಮೈಸೂರಿನಲ್ಲಿ ಜಿಆರ್‌ಎಸ್ ಇದೆ. ನಾವು ಹೋದದ್ದು ಯಾವುದು ಎಂದು ಕೇಳಬೇಡಿ. ಅಲ್ಲಿ ನಡೆದದ್ದನ್ನು ಕೇಳಿದ ಮೇಲೆ ನೀವೇ ನನ್ನ ಪರವಾಗಿ ಗುಟ್ಟು ಕಾಪಾಡುತ್ತೀರಿ.

ಹೊರಡುವ ಹಿಂದಿನ ರಾತ್ರಿ ದೊಡ್ಡಮ್ಮ, "ನಾನೂ ಬರ್ತೀನಿ ಕಣೋ" ಅಂದರು. ವಯಸ್ಸು ಎಂಬತ್ತರ ಹತ್ತಿರ. "ಅಲ್ಲಿ ತುಂಬ ಬಿಸಿಲು, ಜನ ಜಾಸ್ತಿ, ನಿಮ್ಮ ಕೈಲಾಗಲ್ಲ" ಎಂದೆ. ದೊಡ್ಡಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನಿನ್ನ ಕೈಲಾಗುತ್ತೋ?" ಎಂದು ಕೇಳಿ ಚೀಲ ತುಂಬಲು ಎದ್ದುಹೋದರು. ಮಡಚುವ ಕೊಡೆ, ಲಾವಂಚದ ಬೀಸಣಿಗೆ, ಒದ್ದೆ ಮಾಡಿಕೊಳ್ಳಲು ತೆಳ್ಳನೆಯ ಟವಲ್ಲು, ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ, ಬಾಟಲಿಯಲ್ಲಿ ಶುಂಠಿ ಕರಿಬೇವು ಹಾಕಿದ ನೀರುಮಜ್ಜಿಗೆ, ಒಂದು ನಿಂಬೆಹಣ್ಣು, ಒಂದು ಚಿಟಿಕೆ ಉಪ್ಪಿನ ಪೊಟ್ಟಣ. ನಾನು ತುಂಬಿಕೊಂಡದ್ದು ಮೊಬೈಲಿನ ಚಾರ್ಜರು.

ಶ್ರೀರಾಂಪುರದ ಮೆಟ್ರೊ ನಿಲ್ದಾಣ 2014ರಲ್ಲಿ ತೆರೆದದ್ದು. ಅಲ್ಲಿಂದ ಮೆಜೆಸ್ಟಿಕ್ಕಿನವರೆಗಿನ ತಂಪಾದ ಕೆಲವು ನಿಮಿಷಗಳೇ ಆ ದಿನದ ಅತ್ಯುತ್ತಮ ವಿಹಾರ ಎಂದು ನನ್ನ ಹೆಂಡತಿ ಈಗಲೂ ವಾದಿಸುತ್ತಾಳೆ. ಮೆಜೆಸ್ಟಿಕ್ಕಿನಿಂದ ಬಸ್ಸು. ಗೇಟಿನ ಮುಂದೆ ಇಳಿದಾಗ ಕರ್ನಾಟಕದ ಅರ್ಧ ಜನ ನಮಗಿಂತ ಮೊದಲೇ ಬಂದಿದ್ದರು, ಇನ್ನರ್ಧ ಜನ ನಮ್ಮ ಹಿಂದಿನ ಬಸ್ಸಿನಲ್ಲಿದ್ದರು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂಬ ಫಲಕ ಓದಿದ ದೊಡ್ಡಮ್ಮ ಒಂದು ಕ್ಷಣವೂ ಎದೆಗುಂದಲಿಲ್ಲ. ರಸ್ತೆಯಾಚೆಯ ಹೊಂಗೆಮರದ ಕೆಳಗೆ ನಮ್ಮನ್ನೆಲ್ಲ ಸಾಲಾಗಿ ಕೂರಿಸಿದರು. "ಬಿಸಿಲಿಗೆ ಹೋಗೋಕೆ ಮುಂಚೆ ಹೊಟ್ಟೆ ತಣ್ಣಗಿರಬೇಕು" ಎಂದು ಹತ್ತೂಕಾಲಿಗೇ ಮೊಸರನ್ನ ಬಡಿಸಿದರು. ಮಕ್ಕಳು ನಾಚಿಕೊಂಡವು. ಅಕ್ಕಪಕ್ಕದ ಕುಟುಂಬಗಳು ಮೊದಲು ನೋಡಿ ನಕ್ಕವು, ಆಮೇಲೆ ನೋಡುವುದನ್ನು ನಿಲ್ಲಿಸಲಾಗದೆ ನುಂಗಿಕೊಂಡವು.

ಜನಜಂಗುಳಿ ನೋಡಿ ನನಗೆ ಕೈಕಾಲು ಸಡಿಲವಾದಾಗ ಧೈರ್ಯ ತಂದುಕೊಂಡದ್ದು ಡಿಸ್ನಿಯನ್ನು ನೆನೆದು. ಪ್ರಪಂಚದ ಎಲ್ಲ ಥೀಮ್ ಪಾರ್ಕುಗಳ ಹಿರಿಯಣ್ಣನಾದ ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ಬಾಗಿಲು ತೆರೆದಾಗ ಅಲ್ಲೂ ಸುಡು ಬಿಸಿಲು, ಸುಮಾರು 38 ಡಿಗ್ರಿ. ಆಹ್ವಾನಿತರಿಗೆ ಮಾತ್ರ ಎಂದಿದ್ದರೂ ನಕಲಿ ಟಿಕೆಟು ಹಿಡಿದು ಬಂದವರೂ ಸೇರಿ ಸುಮಾರು 28,000 ಜನ ನುಗ್ಗಿದರು. ಬೇಲಿಗೆ ಏಣಿ ಹಾಕಿ, ತಲೆಗಿಷ್ಟು ಎಂದು ದುಡ್ಡು ಪಡೆದು ಒಳಗೆ ಇಳಿಸಿದ ಮಹಾನುಭಾವನೊಬ್ಬನಿದ್ದನಂತೆ. ಆಗಷ್ಟೇ ಹಾಕಿದ ಡಾಂಬರು ಕರಗಿ ಹೆಂಗಸರ ಹೈಹೀಲ್ಡ್ ಚಪ್ಪಲಿಗಳು ಹೂತುಕೊಂಡವು. ಕೊಳಾಯಿ ಕೆಲಸದವರ ಮುಷ್ಕರ ಬೇರೆ ನಡೆದಿತ್ತು. ಪಾಯಿಖಾನೆಗೆ ನೀರು ಬೇಕೋ, ಕುಡಿಯುವ ನಲ್ಲಿಗೆ ನೀರು ಬೇಕೋ ಎಂಬ ಪ್ರಶ್ನೆ ಎದ್ದಾಗ ವಾಲ್ಟ್ ಡಿಸ್ನಿ ಪಾಯಿಖಾನೆಯ ಪರ ತೀರ್ಪು ಕೊಟ್ಟರು. ನಾನಂತೂ ಈ ಒಂದು ತೀರ್ಪಿಗಾಗಿ, ಅವರ ಇಲಿಯನ್ನೂ ಬಾತುಕೋಳಿಯನ್ನೂ ಬದಿಗಿಟ್ಟು, ಅವರನ್ನು ದಾರ್ಶನಿಕರ ಸಾಲಿನಲ್ಲಿ ಕೂರಿಸುತ್ತೇನೆ. ಬಾಯಾರಿದವನು ಕಾಯಬಲ್ಲ.

ಒಳಗೆ ಹೋದ ಮೇಲೆ ಬಂತು ನೋಡಿ ಹತ್ತಿಯ ವಿಷಯ. ನಾನು ಸೆಖೆಗೆಂದೇ ಹೊಸ ಹತ್ತಿ ಬನೀನು, ಮೊಣಕಾಲುದ್ದದ ಹತ್ತಿ ಚಡ್ಡಿ ಧರಿಸಿ, ಶಾಸ್ತ್ರೋಕ್ತವಾಗಿ ಸಜ್ಜಾಗಿ ಕೊಳದ ಅಂಚಿಗೆ ಬಂದಿದ್ದೆ. ಸೀಟಿ ಊದಿದ ಹುಡುಗ, "ಸಾರ್, ಕಾಟನ್ ಅಲೋ ಇಲ್ಲ, ನೈಲಾನ್ ಹಾಕ್ಕೊಂಡು ಬನ್ನಿ" ಎಂದ. ಕಾರಣ ಕೇಳಿದೆ. ಹತ್ತಿಯ ಎಳೆ ಬಿಟ್ಟು ನೀರು ಸೋಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದಂತೆ. ನೀರು ಕುಡಿದ ಹತ್ತಿ ಭಾರವಾಗಿ ಜಾರುಬಂಡೆಯಲ್ಲಿ ಮೈಗೆ ತೊಡರುತ್ತದಂತೆ. ಎರಡೂ ಸರಿಯಾದ ಮಾತೇ. ಆದರೆ ಇಡೀ ವರ್ಷದಲ್ಲಿ ಹತ್ತಿಯೊಂದೇ ಗತಿ ಎನ್ನಿಸುವ ದಿನ, ನೂಲಿನ ಖಾತೆಯವರ ಮನೆಯ ಮಗನಿಗೆ ಹತ್ತಿ ನಿಷೇಧ! ಪಕ್ಕದ ಅಂಗಡಿಯಲ್ಲಿ ನನ್ನ ಅಳತೆಗೆ ಉಳಿದದ್ದು ಒಂದೇ ಜೊತೆ. ಹೊಳೆಯುವ ಹಸಿರು ನೈಲಾನು, ಎದೆಯ ಮೇಲೆ ಎರಡು ಕೆಂಪು ಗಿಳಿ. ಅದನ್ನು ತೊಟ್ಟು ಬಂದಾಗ ಹೆಂಡತಿ ಮುಖ ಆ ಕಡೆ ತಿರುಗಿಸಿ ಬಹಳ ಹೊತ್ತು ಒಂದು ಅಶೋಕ ಮರವನ್ನು ನೋಡಿದಳು. ದೊಡ್ಡಮ್ಮ ಮಾತ್ರ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಎಳೆ ಗಟ್ಟಿ ಇದೆ, ಬೆವರು ಹೀರಲ್ಲ. ನಿಮ್ಮ ದೊಡ್ಡಪ್ಪ ಇದ್ದಿದ್ದರೆ ಕೈಯಿಂದ ಮುಟ್ಟುತ್ತಿರಲಿಲ್ಲ" ಎಂದು ತಜ್ಞರ ಅಭಿಪ್ರಾಯ ಕೊಟ್ಟರು.

ನೈಲಾನಿನ ಜೊತೆಗೆ ಇನ್ನೊಂದು ತ್ಯಾಗ. ಕನ್ನಡಕ ಲಾಕರಿನಲ್ಲಿಡಬೇಕು. ಚಪ್ಪಲಿಯನ್ನೂ ಬಿಟ್ಟು, ಕಾದ ನೆಲದ ಮೇಲೆ ನೆರಳಿನಿಂದ ನೆರಳಿಗೆ ನೆಗೆಯುತ್ತ ಮಕ್ಕಳ ಹಿಂದೆ ಸಾಲಿಗೆ ಸೇರಿದೆ. ಅಥವಾ ಸೇರಿದೆ ಎಂದುಕೊಂಡೆ. ಎಲ್ಲ ಮಕ್ಕಳೂ ಅದೇ ನೀಲಿ ನೈಲಾನು, ಅದೇ ಒದ್ದೆ ತಲೆ. ಕಂಬಿಗಳ ನಡುವೆ ಹಾವಿನಂತೆ ಹರಿದ ಸಾಲಿನಲ್ಲಿ ನಾನು ಮುಂದಿನವನ ಹೆಗಲ ಮೇಲೆ ಕೈಯಿಟ್ಟು, "ತಳ್ಳಬೇಡ, ಪಾಳಿ ಬರುತ್ತೆ, ತಾಳ್ಮೆ ಕಲಿ" ಎಂದು ನೀತಿಬೋಧೆ ಮಾಡುತ್ತ ಮೆಟ್ಟಿಲು ಹತ್ತಿದೆ. ತುದಿಗೆ ತಲುಪಿದಾಗ ಆ ಹುಡುಗ ತಿರುಗಿ ಬಹಳ ವಿನಯದಿಂದ, "ಅಂಕಲ್, ನೀವು ಯಾರು?" ಎಂದ. ಹಿಂದೆ ನಿಂತಿದ್ದ ಅವನ ತಂದೆ, "ಇರಲಿ ಬಿಡಿ ಸಾರ್, ನಾನು ಹೇಳಿದರೆ ಅವನು ಕೇಳಲ್ಲ. ನೀವೇ ಕರ್ಕೊಂಡು ಹೋಗಿ" ಎಂದು ಉದಾರವಾಗಿ ಒಪ್ಪಿಗೆ ಕೊಟ್ಟರು. ಹೀಗೆ ಪರರ ಮಗನ ಜೊತೆ ನಾನು ಆ ಜಾರುಬಂಡೆ ಇಳಿದೆ. ನನ್ನ ಸೋದರಳಿಯ ಆ ಹೊತ್ತಿನಲ್ಲಿ ಇನ್ನೊಂದು ಕಡೆ, ಎತ್ತರ ಅಳೆಯುವ ಪಟ್ಟಿಯ ಮುಂದೆ ತುದಿಗಾಲಲ್ಲಿ ನಿಂತು ಸಿಕ್ಕಿಬಿದ್ದಿದ್ದ.

ದೊಡ್ಡ ರೋಲರ್ ಕೋಸ್ಟರಿನ ಬಳಿ ಮಾತ್ರ ನನಗೆ ನ್ಯಾಯ ದೊರಕಿತು. ಹೃದ್ರೋಗ, ಬೆನ್ನುನೋವು, ಅಧಿಕ ರಕ್ತದೊತ್ತಡ ಇರುವವರು ಹತ್ತಬಾರದು ಎಂಬ ಫಲಕ ಅಲ್ಲಿತ್ತು. ಎಷ್ಟೋ ವರ್ಷಗಳಿಂದ ಮಾತ್ರೆ ನುಂಗಿಸುತ್ತಿದ್ದ ರಕ್ತದೊತ್ತಡ ಮೊದಲ ಬಾರಿಗೆ ನನ್ನ ಉಪಕಾರಕ್ಕೆ ಬಂತು. ಮಕ್ಕಳು ಕಿರುಚುತ್ತ ಮೇಲೆ ಹೋಗುವುದನ್ನು ಕೆಳಗೆ ಕೂತು ನೋಡುವಾಗ ಒಂದು ವಿಚಿತ್ರ ಹೊಳೆಯಿತು. ಈ ಯಂತ್ರದ ಮೂಲಪುರುಷ ಹುಟ್ಟಿದ್ದು ಹಿಮದಲ್ಲಿ. 18ನೇ ಶತಮಾನದಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ಸುತ್ತ ಮರದ ಎತ್ತರದ ಅಟ್ಟಣಿಗೆ ಕಟ್ಟಿ, ನೀರು ಸುರಿದು ಹೆಪ್ಪುಗಟ್ಟಿಸಿ, ಕಂಬಳಿ ಹೊದ್ದ ಜನ ಜಾರುತ್ತಿದ್ದರು. 1884ರಲ್ಲಿ ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ಲಮಾರ್ಕಸ್ ಥಾಂಪ್ಸನ್ ಎಂಬವರು ಹಳಿಯ ಮೇಲೆ ಗಂಟೆಗೆ ಹತ್ತು ಕಿಲೋಮೀಟರಿನಷ್ಟು ವೇಗದ ಬಂಡಿ ಬಿಟ್ಟರು. ಬಾಲಭವನದ ರೈಲಿಗೆ ಅವಮಾನ ಮಾಡಿದವರು ಇದನ್ನು ಗಮನಿಸಬೇಕು. ಕೊರೆಯುವ ಚಳಿಯಲ್ಲಿ ಕಂಡುಕೊಂಡ ಆಟವನ್ನು ನಾವು ಮೇ ತಿಂಗಳ ನಡುಮಧ್ಯಾಹ್ನ, ಕಾದ ಕಬ್ಬಿಣದ ಮೇಲೆ ಕೂತು, ತಂಪಾಗಲೆಂದು ಆಡುತ್ತಿದ್ದೇವೆ!

ಇಷ್ಟು ಹೊತ್ತು ದೊಡ್ಡಮ್ಮ ಎಲ್ಲಿದ್ದರು? ಒಂದು ಮರದ ಕೆಳಗೆ, ಗಾಳಿ ಬರುವ ದಿಕ್ಕಿಗೆ ಮುಖಮಾಡಿ, ತಲೆಯ ಮೇಲೆ ಒದ್ದೆ ಟವಲ್ಲು ಹಾಕಿಕೊಂಡು ಪೀಠಸ್ಥರಾಗಿದ್ದರು. ಸುತ್ತ ಹಾಸನದ ಒಂದು ಕುಟುಂಬ, ದಾವಣಗೆರೆಯ ಇಬ್ಬರು ಅತ್ತಿಗೆಯರು, ಅಳುವ ಒಂದು ಮಗು. ಎಲ್ಲರ ಚೀಲ, ಚಪ್ಪಲಿ, ಬೀಗದ ಕೈ ಅವರ ವಶದಲ್ಲಿ. ಯಾವ ಆಟದ ಸಾಲು ಎಷ್ಟು ಹೊತ್ತಿಗೆ ಕರಗುತ್ತದೆ ಎಂಬುದನ್ನು ಕೂತಲ್ಲಿಂದಲೇ ಲೆಕ್ಕ ಹಾಕಿದ್ದರು. "ಎಲ್ಲರೂ ಊಟಕ್ಕೆ ಓಡೋ ಹೊತ್ತಲ್ಲಿ ನೀವು ಆಟಕ್ಕೆ ಓಡಿ. ನಿಮ್ಮ ಹೊಟ್ಟೆ ತುಂಬಿದೆಯಲ್ಲ" ಎಂದರು. ಹತ್ತೂಕಾಲರ ಮೊಸರನ್ನದ ರಾಜಕಾರಣ ನನಗೆ ಅರ್ಥವಾದದ್ದು ಆಗ. ಹೆಚ್ಚು ದುಡ್ಡು ಕೊಟ್ಟವರಿಗೆ ಬೇರೆ ಬೇಗದ ಸಾಲು ಇದೆ ಎಂದು ತಂಗಿಯ ಮಗಳು ದೂರಿದಾಗ, "ಅದು ವಿಶೇಷ ದರ್ಶನ ಕಣೆ, ದೇವರ ಹತ್ತಿರವೇ ಇದೆ, ಇಲ್ಲಿರಲ್ವಾ?" ಎಂದು ಒಂದೇ ಮಾತಲ್ಲಿ ಸಮಾಜಶಾಸ್ತ್ರ ಮುಗಿಸಿದರು. ವಠಾರದ ಒಂದೇ ಬೀದಿ ನಲ್ಲಿಯ ಮುಂದೆ, ಬೆಳಗಿನ ಜಾವ ಮೂರಕ್ಕೆ, ಬಿಂದಿಗೆ ಬದಲು ಒಂದು ಇಟ್ಟಿಗೆಯಿಟ್ಟು ಪಾಳಿ ಹಿಡಿದು, ಅಷ್ಟರಲ್ಲಿ ಮನೆಗೆ ಹೋಗಿ ಹಿಟ್ಟು ರುಬ್ಬಿ ಬರುತ್ತಿದ್ದ ತಲೆಮಾರು ಅದು. ಸಾಲು ಅವರಿಗೆ ಗೋಳಾಟವಲ್ಲ, ವಿದ್ಯೆ.

ನೀರಿನ ವಿಷಯದಲ್ಲಿ ಮಾತ್ರ ದೊಡ್ಡಮ್ಮನ ಮನಸ್ಸು ಕಲಕಿತು. ಎತ್ತರದಲ್ಲಿ ಕಟ್ಟಿದ್ದ ಒಂದು ಬೃಹತ್ ಬಕೆಟ್ಟು ತುಂಬಿ ತುಂಬಿ, ಗಂಟೆ ಬಾರಿಸಿ, ಒಮ್ಮೆಲೇ ಕೆಳಗಿನ ಮಕ್ಕಳ ಮೇಲೆ ಕವುಚುತ್ತಿತ್ತು. ಪ್ರತಿಸಲ ಅದು ವಾಲಿದಾಗಲೂ ಇವರು ಎದೆಯ ಮೇಲೆ ಕೈಯಿಟ್ಟು, "ಅಯ್ಯೋ, ಎಷ್ಟು ಬಿಂದಿಗೆ ಹೋಯ್ತಪ್ಪಾ!" ಎನ್ನುತ್ತಿದ್ದರು. ಅದೇ ನೀರನ್ನು ಸೋಸಿ, ಮದ್ದು ಹಾಕಿ, ಮತ್ತೆ ಮತ್ತೆ ಮೇಲಕ್ಕೆ ಹತ್ತಿಸುತ್ತಾರೆ ಎಂದು ಸೀಟಿಯ ಹುಡುಗನನ್ನು ಕರೆಸಿ ಹೇಳಿಸಿದ ಮೇಲೆ ಸ್ವಲ್ಪ ಸಮಾಧಾನ. ಅವರ ಸಂಕಟ ಹುಚ್ಚಲ್ಲ. ಕಾವೇರಿ 1974ರಲ್ಲಿ ಮೊದಲು ಈ ಊರಿನ ನಲ್ಲಿಗೆ ಬಂದದ್ದು ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ತಳ್ಳಿದ್ದರಿಂದ. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆಜ್ಞೆ ಹೊರಡಿಸಿತ್ತು. ಹೋಳಿಯ ರೇನ್ ಡಾನ್ಸಿಗೆ ಕಾವೇರಿ ನೀರೂ ಬೇಡ, ಕೊಳವೆಬಾವಿಯ ನೀರೂ ಬೇಡ ಎಂದಿತ್ತು. ಆ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲಿ ಟ್ಯಾಂಕರ್ ಬಂದರೆ ಮದುವೆ ದಿಬ್ಬಣ ಬಂದಷ್ಟು ಜನ ಹೊರಗೆ ಬರುತ್ತಿದ್ದರು.

ಅಲೆಯ ಕೊಳದಲ್ಲಿ ನಾನೂ ಇಳಿದೆ. ಗೋಡೆಯ ಹಿಂದಿನ ಕೋಣೆಗಳಲ್ಲಿ ದೊಡ್ಡ ಫ್ಯಾನುಗಳು ಗಾಳಿಯನ್ನು ನೀರಿನ ಮೇಲೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಅಲೆ ಎಬ್ಬಿಸುತ್ತವೆ. ಆದರೆ ಅಂದು ಅಲೆಗೆ ಜಾಗವೇ ಇರಲಿಲ್ಲ. ನೀರಿಗಿಂತ ಜನ ಹೆಚ್ಚಿದ್ದುದರಿಂದ ಅಲೆ ಬಂದಾಗ ಏಳುತ್ತಿದ್ದುದು ಜನರೇ. ನಡುವೆ ನಿಂತ ನನ್ನನ್ನು ಒಂದು ಅಲೆ ಮಂಡ್ಯದವರ ಮೇಲೆ ಹಾಕಿದರೆ ಇನ್ನೊಂದು ಕೋಲಾರದವರ ಕಡೆಗೆ ದೂಡಿತು. ಹೊರಗೆ ಬಂದು ಗಾಳಿಗೆ ನಿಂತಾಗ ತಿಳಿಯಿತು, ತಂಪಿರುವುದು ನೀರಿನೊಳಗಲ್ಲ, ಮೈಮೇಲಿನ ನೀರು ಆರುವಾಗ. ಅಂದರೆ ದೊಡ್ಡಮ್ಮ ಮರದ ಕೆಳಗೆ ಒದ್ದೆ ಟವಲ್ಲಿನಿಂದ, ಯಾರ ಮೊಣಕೈಯೂ ತಗುಲದೆ ಪಡೆಯುತ್ತಿದ್ದ ಸುಖಕ್ಕೇ ನಾನು ಗಿಳಿ ಬಟ್ಟೆ ತೊಟ್ಟು ಇಷ್ಟು ದೂರ ಸುತ್ತಿ ಬಂದಿದ್ದೆ.

ಬಿಸಿಲು ತಣಿದು, ನಿಜವಾಗಿ ಆಡುವ ಹೊತ್ತು ಬಂತು ಎನ್ನುವಾಗ ಮುಚ್ಚುವ ಸೀಟಿ ಊದಿದರು. ದೊಡ್ಡಮ್ಮನಿಗೆ ಇದೊಂದು ತಿಳಿಯಲೇ ಇಲ್ಲ. "ಬೇಸಿಗೆ ಜಾತ್ರೆಯನ್ನ ಹಗಲು ಹೊತ್ತು ಯಾರಾದರೂ ಮಾಡ್ತಾರೇನೋ?" ಎಂದರು. ಯೋಚಿಸಿದರೆ ಹೌದಲ್ಲ. ಬೆಂಗಳೂರಿನ ಬೇಸಿಗೆಯ ಅತಿ ದೊಡ್ಡ ಜನಸಾಗರ ಸೇರುವುದು ಕರಗಕ್ಕೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟು ಬೆಳಗಿನ ತನಕ ಪೇಟೆ ಸುತ್ತುತ್ತದೆ. ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಕಛೇರಿಗಳಲ್ಲಿ ಜನ ಕಿಕ್ಕಿರಿಯುವುದು ಸಂಜೆ. ಹಗಲು ಹೊತ್ತಿಗೆ ಇಟ್ಟುಕೊಂಡದ್ದು ಪಾನಕ, ಕೋಸಂಬರಿ, ನೀರುಮಜ್ಜಿಗೆ, ಅದೂ ನಿಂತಲ್ಲೇ ಕುಡಿದು ನೆರಳಿಗೆ ಹೋಗುವಂಥದ್ದು. ಹಿಂದಿನವರು ಸೆಖೆಯನ್ನು ಗೆಲ್ಲಲು ಹೋಗಲಿಲ್ಲ, ಅದು ಮಲಗುವವರೆಗೆ ಕಾದರು.

ನಾವು ಮನೆ ಮುಟ್ಟುವ ಮೊದಲೇ ದೊಡ್ಡಮ್ಮ ಮುಂದಿನ ವರ್ಷದ ಯೋಜನೆ ಹಾಕಿಯಾಗಿತ್ತು. ಈಗ ವಠಾರದ ಎಲ್ಲ ಮನೆಯವರೂ ಅವರ ಬಳಿ ಹೆಸರು ಬರೆಸುತ್ತಿದ್ದಾರೆ. ಷರತ್ತುಗಳು ಮೂರು: ಭಾನುವಾರ ಬೇಡ, ಗೇಟು ತೆರೆಯುವ ಮುಂಚೆ ಮರದಡಿ ಊಟ, ಕನ್ನಡಕ ಹಾಕುವವರ ಕೈಗೆ ಮಕ್ಕಳನ್ನು ಕೊಡಕೂಡದು. ನನಗೂ ಒಂದು ಹುದ್ದೆ ದೊರೆತಿದೆ, ಚೀಲ ಹೊರುವುದು. ಕಲಬುರಗಿಯ ಷಡ್ಡಕರೂ ಬರುತ್ತಾರಂತೆ. ಮೂವತ್ತಾರು ಡಿಗ್ರಿಯ ಚಳಿ ತಡೆಯಲಿಕ್ಕೆ ಸ್ವೆಟರು ತರಲೇ ಎಂದು ಕೇಳಿದ್ದಾರೆ. ತನ್ನಿ, ಆದರೆ ನೈಲಾನಿನದೇ ಆಗಬೇಕು ಎಂದು ಬರೆದಿದ್ದೇನೆ.